ಮೊದ್ಲು ನೀರಿನ ದಾರಿ ಬಿಡಿ, ಆಮೇಲೆ ಸೈಟು

ನಮಸ್ಕಾರ ಕೇಳುಗರೇ. ಊರು ಬೆಳೆಯೋವಾಗ ಪ್ರಕೃತೀನ ಹೆಂಗೆ ಉಳಿಸ್ಕೊಳ್ಳೋದು ಅಂತ ಮಾತಾಡಿ ಅಂದ್ರು. ನಾನು ಹೇಳೋದು ಒಂದೇ, ಮೊದ್ಲು ನೀರು ಹೋಗೋ ದಾರಿ ಗುರುತು ಮಾಡಿ, ಆಮೇಲೆ ರಸ್ತೆ, ಸೈಟು, ಪಾರ್ಕು. ನಮ್ಮೋರು ಪಾರ್ಕಿಂದಾನೇ ಶುರು ಮಾಡ್ತಾರೆ, ನಾಲ್ಕು ಸಿಮೆಂಟ್ ಬೆಂಚು, ಒಂದಿಷ್ಟು ಲಾನು, ಆ ಲಾನಿಗೆ ಟ್ಯಾಂಕರ್ ನೀರು!

ಕೋಲಾರ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಅದಕ್ಕೇ ಹಿರೀಕರು ಕೆರೆಗಳನ್ನ ಸಾಲಾಗಿ ಕಟ್ಟಿದ್ರು, ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ನೀರು ಕಾಲುವೆ ಹಿಡ್ಕೊಂಡು ಕೆಳಗಿನ ಕೆರೆಗೆ. ನಾವು ಆ ಕಾಲುವೇನೇ ಮುಚ್ಚಿಬಿಡ್ತೀವಿ.

ಒಂದು ಲೇಔಟ್ ನೋಡೋಕೆ ಹೋಗಿದ್ದೆ, ಊರಿನ ಹೆಸರು ಬೇಡ ಬಿಡಿ. ಅಲ್ಲೊಬ್ರು ತಾತ ಬಂದ್ರು, ಅವರ ಮನೆತನದೋರು ನೀರಗಂಟಿಗಳು, ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡ್ತಿದ್ದೋರು. ಮ್ಯಾನೇಜರ್ ಕಲರ್ ಕಲರ್ ಪ್ಲಾನ್ ಹರಡಿದ, ತಾತ ಅದರ ಕಡೆ ತಿರುಗಿ ಕೂಡ ನೋಡ್ಲಿಲ್ಲ, ಕೋಲು ಊರ್ಕೊಂಡು ಒಂದು ಸುತ್ತು ಹಾಕಿ, "ಸಾಮಿ, ಈ ಹೊಂಗೆ ಮರಗಳು ಸಾಲಾಗಿ ಯಾಕವೆ ಗೊತ್ತಾ? ಇದು ಕೋಡಿ ನೀರು ಹೋಗೋ ಜಾಗ" ಅಂದ್ರು. ಕಾಲುವೆ ಎಲ್ಲಿತ್ತು, ಜೆಸಿಬಿ ತಂದು ಸಮ ಮಾಡ್ಬಿಟ್ಟಿದ್ರು. ಮ್ಯಾನೇಜರ್ ನಕ್ಕ, "ಆ ಕೆರೆ ತುಂಬಿ ಎಷ್ಟು ವರ್ಷ ಆಯ್ತು ತಾತ?" ತಾತ ಬಿಡ್ಬೇಕಲ್ಲ, "ತುಂಬೋವಾಗ ನಿನ್ನ ಕೇಳಿ ತುಂಬ್ತದೇನಪ್ಪಾ?" 2021ರ ನವೆಂಬರಲ್ಲಿ ಮಳೆ ಹಿಡ್ಕೊಂಡಿತ್ತಲ್ಲ, ನಿಮಗೂ ನೆನಪಿರುತ್ತೆ, ಕೆರೆ ಕೋಡಿ ಬಿತ್ತು, ನೀರು ಕಾಂಪೌಂಡ್ ಗೋಡೆ ಮಲಗಿಸಿ ಅದೇ ಹೊಂಗೆ ಸಾಲಿನ ಪಕ್ಕದಲ್ಲೇ ಹೋಯ್ತು. ಈಗ ಆ ಮ್ಯಾನೇಜರ್ ಫೋನ್ ಎತ್ತಲ್ಲ ಅಂತಾರೆ ಸೈಟು ತಗೊಂಡೋರು.

ಇನ್ನೊಂದು, ಕಾಲುವೆ ಉಳಿಸ್ತೀವಿ ಅಂತ ತಳಕ್ಕೂ ಕಾಂಕ್ರೀಟ್ ಸುರೀಬೇಡಿ ದಯವಿಟ್ಟು, ನೀರು ಇಂಗೋದೆಲ್ಲಿ? ಮಣ್ಣಿನ ದಂಡೆ ಇರ್ಲಿ, ಮೇಲೆ ಹೊಂಗೆ, ನೇರಳೆ ಹಾಕಿ, ನೆರಳಲ್ಲಿ ವಾಕಿಂಗ್ ಮಾಡಿ. 2018ರಿಂದ ನಮ್ಮ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು ಬರ್ತಿದೆ, ಅಂದ್ರೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಅಲ್ಲೇ ಸಂಸ್ಕರಿಸಿದ್ದು, ಅದೂ ಕೆರೆಯಿಂದ ಕೆರೆಗೆ ದಾಟಬೇಕಾದ್ರೆ ದಾರಿ ಬೇಕಲ್ವಾ? ಅದರ ಬಗ್ಗೆ ಬಹಳ ಹೇಳೋದಿತ್ತು, ಆದ್ರೆ ಟೈಮ್ ಆಯ್ತು ಅಂತ ಇಲ್ಲಿ ಕೈ ತೋರಿಸ್ತಿದ್ದಾರೆ.

ಸೈಟು ತಗೊಳ್ಳೋರು ಇದೊಂದು ಕೇಳಿ, ಬ್ರೋಷರ್ ಆಚೆ ಇಡಿ, ಸರ್ವೆ ಇಲಾಖೆಯಿಂದ ಗ್ರಾಮ ನಕ್ಷೆ ತಗೊಂಡು ಹಳ್ಳ, ಕಾಲುವೆ ಎಲ್ಲಿ ಹಾದಿದೆ ನೋಡಿ. ಪಹಣೀಲಿ ಬಿ ಖರಾಬು, ಅಂದ್ರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಅಂತ ಇದ್ರೆ ಅದು ಯಾತರದು ಅಂತ ವಿಚಾರಿಸಿ, ದಾರಿ, ಹಳ್ಳ ಇಂಥವೆಲ್ಲ ಅದರಲ್ಲೇ ಬರೋದು. ಸರಿಯಾಗಿ ಉತ್ತರ ಬರ್ಲಿಲ್ವಾ, ಅಡ್ವಾನ್ಸ್ ಕೊಡ್ಬೇಡಿ. ನಮಸ್ಕಾರ.