ಆಯಿ ಮೊದಲು ನೋಡುತ್ತಿದ್ದದ್ದು ಹಿಂಬದಿ

ಕೇಳುಗರಿಗೆ ನಮಸ್ಕಾರ.

ನನಗೆ ಸೂಜಿ ಹಿಡಿಯೋದು ಕಲಿಸಿದವಳು ನಮ್ಮ ಆಯಿ, ಅಂದರೆ ಅವ್ವನ ಅವ್ವ. ಧಾರವಾಡದ ಹತ್ತಿರ ಒಂದು ಹಳ್ಳಿ. ಮಧ್ಯಾಹ್ನ ಊಟ ಮುಗಿದು, ಪಾತ್ರೆ ತೊಳೆದಿಟ್ಟ ಮೇಲೆ ಆಯಿ ಪಡಸಾಲೆಯ ಬಾಗಿಲ ಬೆಳಕಿಗೆ ಕೂತು ಕಸೂತಿ ಹಾಕುತ್ತಿದ್ದಳು. ಚಾಳೀಸು ಹಾಕಿದರೂ ಸೂಜಿಯ ಕಣ್ಣು ಅವಳಿಗೆ ಕಾಣುತ್ತಿರಲಿಲ್ಲ. ಹಾಗಾಗಿ ನನ್ನ ಮೊದಲ ಕೆಲಸ ದಾರ ಪೋಣಿಸಿ ಕೊಡೋದು. ಒಂದು ವರ್ಷ ಅದೊಂದೇ ಮಾಡಿದೆ ಅಂತ ಕಾಣುತ್ತದೆ.

ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಏನೂ ಬರೆದುಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಹಾಕಬೇಕು. ದಾರಕ್ಕೆ ಗಂಟೂ ಹಾಕುವ ಹಾಗಿಲ್ಲ. ಗವಂತಿ ಹೊಲಿಗೆ ಅಂತ ಇದೆಯಲ್ಲ, ಅದರಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಬೇಕು, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು, ಆಗ ಗೆರೆ ಹಿಂದೂ ಮುಂದೂ ಒಂದೇ ಥರ ಕಾಣುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ಅದಕ್ಕೂ ಎರಡೂ ಕಡೆ ಒಂದೇ. ನೇಗಿ, ಮೆಂತೆ ಅಂತ ಇನ್ನೆರಡು ಇವೆ.

ನಾನು ಮೊದಲು ಹಾಕಿದ್ದು ಒಂದು ತುಳಸಿಕಟ್ಟೆ. ಮೂರು ದಿನ ಕೂತು ಹಾಕಿದೆ. ಸುತ್ತು ಮುಗಿಸಿ ಬಂದರೆ ಗೆರೆ ಗೆರೆಗೆ ಸೇರಲೇ ಇಲ್ಲ. ಒಂದೇ ಒಂದು ಎಳೆಯಷ್ಟು ದೂರ. ಎಲ್ಲೋ ನಾಲ್ಕು ಎಳೆ ಎತ್ತುವ ಕಡೆ ಐದು ಎತ್ತಿಬಿಟ್ಟಿದ್ದೆ. ಯಾರಿಗೆ ಕಾಣುತ್ತೆ ಅಂತ ಸುಮ್ನೆ ದಾರ ಎಳೆದು ಸೇರಿಸಿ ಆಯಿಗೆ ಕೊಟ್ಟೆ. ಅವಳು ಮುಂಬದಿ ನೋಡಲೇ ಇಲ್ಲ. ಬಟ್ಟೆ ತಿರುವಿದಳು. ಹೆಬ್ಬೆರಳಿನಿಂದ ಸವರುತ್ತಾ ಹೋಗಿ ಸರಿಯಾಗಿ ಆ ಜಾಗದಲ್ಲೇ ನಿಲ್ಲಿಸಿದಳು. "ಬಿಚ್ಚವ್ವಾ" ಅಂದಳು, ಅಷ್ಟೇ. ಬೈಯಲಿಲ್ಲ. ನಾನು ಅಳುತ್ತಾ ಬಿಚ್ಚುವಾಗ ದಾರ ಹರಿಯದ ಹಾಗೆ ಸೂಜಿಯ ಹಿಂಬದಿಯಿಂದ ಎತ್ತೋದು ಹೇಗೆ ಅಂತ ಪಕ್ಕದಲ್ಲಿ ಕೂತು ತೋರಿಸಿದಳು.

ಮಶೀನು ಕಲಿಸಿದ್ದು ಅವ್ವ. ಕಾಲಲ್ಲಿ ತುಳಿಯೋ ಮಶೀನು. ಮೊದಲು ದಾರ ಇಲ್ಲದೆ ನೋಟ್‌ಬುಕ್ಕಿನ ಹಾಳೆಯ ಗೆರೆ ಮೇಲೆ ಓಡಿಸಬೇಕಿತ್ತು. ಗಾಲಿ ಉಲ್ಟಾ ತಿರುಗಿದರೆ ದಾರ ಪಟ್ ಅಂತ ಹರಿಯುತ್ತಿತ್ತು. ಒಂದು ತಿಂಗಳಲ್ಲಿ ಲಂಗ ಹೊಲಿದೆ. ಮಶೀನು ಬೇಗ ಬರುತ್ತದೆ, ಎಳೆ ಎಣಿಸೋದು ಬೇಗ ಬರೋದಿಲ್ಲ.

ಕಸೂತಿಗೆ 2006ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಕಡೆಯದೇ ಕೆಲಸ ಅನ್ನುವ ಸರ್ಕಾರಿ ಗುರುತು ಸಿಕ್ಕಿತು. ಆಯಿ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ. ಈಗ ಮಶೀನಿನಲ್ಲಿ ಹಾಕಿದ್ದೂ ಕಸೂತಿ ಅಂತಲೇ ಮಾರಾಟ ಆಗುತ್ತದೆ. ನನ್ನದೊಂದು ಕೇಳಿಕೆ, ಕೊಳ್ಳುವ ಮೊದಲು ಸೆರಗು ತಿರುವಿ ನೋಡಿ. ಕೈಯಲ್ಲಿ ಹಾಕಿದ್ದಾದರೆ ರೇಟು ಜಾಸ್ತಿ ಅಂತ ಚೌಕಾಸಿ ಮಾಡಬೇಡಿ, ಒಂದು ಸೆರಗಿನ ಹಿಂದೆ ಯಾವುದೋ ಮನೆಯ ಹೆಣ್ಣುಮಗಳ ತಿಂಗಳುಗಟ್ಟಲೆ ಮಧ್ಯಾಹ್ನ ಇರುತ್ತದೆ.

ಆಯಿ ಹೊಲಿದದ್ದರಲ್ಲಿ ಈಗ ನನ್ನ ಹತ್ತಿರ ಉಳಿದಿರೋದು ಒಂದು ಕೌದಿ, ಅಂದರೆ ಹಳೇ ಬಟ್ಟೆಯ ಹೊದಿಕೆ. ಹಳೇ ಸೀರೆ ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸಿದ ಹೊಲಿಗೆ. ಒಂದು ಮೂಲೆಯಲ್ಲಿ ಎರಡು ಗೇಣಿನಷ್ಟು ನಾನು ಹಾಕಿದ್ದು. ಆಯಿಯದು ಅಕ್ಕಿಕಾಳು ಸಾಲಿಟ್ಟ ಹಾಗೆ, ನನ್ನದು ಒಂದು ಉದ್ದ, ಒಂದು ಗಿಡ್ಡ. ಅದನ್ನು ಮಾತ್ರ ಅವಳು ಬಿಚ್ಚಿಸಲಿಲ್ಲ. ಹೋದ ವಾರ ಒಗೆಯಲು ತೆಗೆದಾಗ ನೋಡಿದೆ, ಅದೇ ಮೂಲೆಯಲ್ಲಿ ಮೇಲಿನ ಬಟ್ಟೆ ಸವೆದು ಹರಿದಿದೆ. ಒಳಗಿಂದ ಆಯಿಯ ಹಸಿರು ಇಳಕಲ್ ಸೀರೆ ಇಣುಕುತ್ತಿದೆ. ಮಳೆಗಾಲದ ಒಳಗೆ ಅಲ್ಲೊಂದು ತೇಪೆ ಹಚ್ಚಬೇಕು. ಬಟ್ಟೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಆ ಹಸಿರು ಮುಚ್ಚಲು ಇನ್ನೂ ಮನಸ್ಸು ಬಂದಿಲ್ಲ.

ನಮಸ್ಕಾರ.