ಮೂರ್ಖನ ಪರವಾಗಿ ಒಬ್ಬ ಸನ್ಯಾಸಿ

ಎಲ್ಲರಿಗೂ ನಮಸ್ಕಾರ. ಅಡುಗೆಮನೇಲಿ ಒಗ್ಗರಣೆ ಹಾಕ್ತಾ ಕೇಳ್ತಿರೋರಿಗೂ, ಬಸ್ಸಲ್ಲಿ ಇಯರ್‌ಫೋನ್ ಸಿಗಿಸ್ಕೊಂಡು ಕೂತಿರೋ ಡಿಗ್ರಿ ಹುಡುಗ್ರಿಗೂ. ಮಧ್ಯಯುಗದ ಕ್ರೈಸ್ತರಲ್ಲಿ ನಂಬಿಕೆ ಮತ್ತು ತರ್ಕ ಅಂತ ವಿಷಯ ಕೊಟ್ಟು ಬೇಗ ಮುಗಿಸಿ ಸಾರ್ ಅಂದಿದ್ದಾರೆ, ಸಾವಿರ ವರ್ಷದ ಕಥೆ ಅದು, ಇರ್ಲಿ. ನಾನು ಒಂದೇ ಮಾತು ಹೇಳ್ತೀನಿ, ಅದನ್ನೇ ತಿರುಗಾ ಮುರುಗಾ ಹೇಳ್ತೀನಿ. ಆ ಕಾಲದ ದೊಡ್ಡ ದೊಡ್ಡ ಭಕ್ತರು ಪ್ರಶ್ನೇನ ಬಾಗಿಲಾಚೆ ನಿಲ್ಲಿಸ್ಲಿಲ್ಲ, ಒಳಗೆ ಕರೆದು ಮಣೆ ಹಾಕಿದ್ರು. ಕತ್ತಲೆ ಯುಗ ಅಂತ ಸ್ಕೂಲಲ್ಲಿ ಓದಿರ್ತೀವಲ್ಲ, ಅದನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡಿ ದಯವಿಟ್ಟು.

ಆನ್ಸೆಲ್ಮ್ ಅಂತ ಒಬ್ಬರು. ಹುಟ್ಟಿದ್ದು 1033ರಲ್ಲಿ, ಆಲ್ಪ್ಸ್ ಬೆಟ್ಟದ ತಪ್ಪಲಿನ ಆಓಸ್ತಾ ಊರಲ್ಲಿ, ಈಗ ಅದು ಇಟಲಿ. ಆಮೇಲೆ ಫ್ರಾನ್ಸಿನ ನಾರ್ಮಂಡೀಲಿ ಬೆಕ್ ಅನ್ನೋ ಮಠ ಸೇರಿದ್ರು. 1077-78ರ ಸುಮಾರಿಗೆ ಇವರ ತಲೇಲಿ ಒಂದು ಹುಳ ಹೊಕ್ತು. ದೇವರಿದ್ದಾನೆ ಅಂತ ತೋರ್ಸೋಕೆ ಒಂದೇ ಒಂದು ವಾದ, ಬೇರೆ ಯಾವುದರ ಆಸರೆನೂ ಬೇಡದಂಥದ್ದು, ಸಿಗುತ್ತಾ ಅಂತ. ಊಟ ಸೇರಲ್ಲ, ನಿದ್ದೆ ಬರಲ್ಲ, ಪ್ರಾರ್ಥನೆಗೆ ನಿಂತ್ರೂ ಮನಸ್ಸು ಅಲ್ಲೇ. ಇದು ಸೈತಾನನ ಕಾಟ ಇರ್ಬೇಕು ಅಂತ ಬಿಟ್ಟುಬಿಡೋಕೂ ನೋಡಿದ್ರಂತೆ. ಅವರ ಶಿಷ್ಯ ಈಡ್ಮರ್ ಬರೆದಿಟ್ಟಿದ್ದಾನೆ ಇದನ್ನೆಲ್ಲ. ಕೊನೆಗೆ ಒಂದು ರಾತ್ರಿ ಪ್ರಾರ್ಥನೆ ಹೊತ್ತಲ್ಲೇ ಹೊಳೀತು.

ಕೂಡ್ಲೇ ಮೇಣದ ಹಲಗೆ ಮೇಲೆ ಬರೆದ್ರು. ಮರದ ಹಲಗೆಗೆ ಮೇಣ ಬಳಿದು ಚೂಪು ಕಡ್ಡೀಲಿ ಗೀಚೋದು, ಉಜ್ಜಿದ್ರೆ ಅಳಿಸಿಹೋಗುತ್ತೆ, ನಮ್ಮ ಸ್ಲೇಟ್ ಇದ್ದ ಹಾಗೆ. ಜೋಪಾನವಾಗಿ ಇಟ್ಕೊಳಪ್ಪಾ ಅಂತ ಮಠದ ಒಬ್ಬರ ಕೈಗೆ ಕೊಟ್ರು. ಕೆಲವು ದಿನ ಬಿಟ್ಟು ಕೇಳಿದ್ರೆ ಹಲಗೆ ಇಲ್ಲ! ಎಲ್ಲರನ್ನೂ ವಿಚಾರಿಸಿದ್ರು, ಯಾರಿಗೂ ಗೊತ್ತಿಲ್ಲ. ಸರಿ, ಇನ್ನೊಂದ್ಸಲ ಬರೆದು ಅದೇ ಮನುಷ್ಯನಿಗೇ ಕೊಟ್ರು ನೋಡಿ, ನಾನಾಗಿದ್ರೆ ಕೊಡ್ತಿರ್ಲಿಲ್ಲ. ಅವರು ಹಾಸಿಗೆಯ ಒಳಬದೀಲಿ ಬಚ್ಚಿಟ್ಕೊಂಡ್ರು. ಮಾರನೇ ದಿನ ನೋಡಿದ್ರೆ ಹಲಗೆ ಮಂಚದ ಮುಂದೆ ನೆಲದ ಮೇಲೆ ಒಡೆದು ಬಿದ್ದಿದೆ, ಮೇಣ ಚೂರು ಚೂರಾಗಿ ಚೆಲ್ಲಾಡಿದೆ. ಯಾರು ಒಡೆದ್ರು, ಇವತ್ತಿಗೂ ಗೊತ್ತಿಲ್ಲ. ಆನ್ಸೆಲ್ಮ್ ಆ ಚೂರುಗಳನ್ನೆಲ್ಲ ಆರಿಸಿ ಒಂದಕ್ಕೊಂದು ಜೋಡಿಸಿ ಕಷ್ಟಪಟ್ಟು ಓದಿ, ಇನ್ನು ಸಾಕಪ್ಪ ಈ ಸಹವಾಸ ಅಂತ ಚರ್ಮದ ಹಾಳೆಗೆ ಇಳಿಸಿದ್ರು. ಆ ಪುಸ್ತಕನೇ ಪ್ರೊಸ್ಲೋಗಿಯನ್. ಅದಕ್ಕೆ ಅವರು ಮೊದಲು ಇಟ್ಟಿದ್ದ ಹೆಸರು ಕೇಳಿ, ‘ತಿಳಿವನ್ನ ಹುಡುಕೋ ನಂಬಿಕೆ’. ನಂಬಿಕೆ ಇದೆ, ಸುಮ್ನೆ ಕೂತಿಲ್ಲ, ಹುಡುಕ್ತಾ ಇದೆ!

ವಾದ ಏನಪ್ಪಾ ಅಂದ್ರೆ, ದೇವರು ಅಂದ್ರೆ ಅದಕ್ಕಿಂತ ದೊಡ್ಡದನ್ನ ಯೋಚ್ನೆ ಮಾಡೋಕೂ ಆಗದಂಥದ್ದು. ಅಂಥದ್ದು ಬರೀ ತಲೇಲಿ ಮಾತ್ರ ಇದ್ರೆ, ತಲೇಲೂ ಇದ್ದು ನಿಜವಾಗ್ಲೂ ಇರೋದು ಅದಕ್ಕಿಂತ ದೊಡ್ಡದಾಗ್ಬಿಡುತ್ತಲ್ಲ? ಹಾಗಾಗಿ ಅದು ಇರ್ಲೇಬೇಕು. ದೇವರಿಲ್ಲ ಅಂತ ಮನಸ್ಸಲ್ಲಿ ಅಂದ್ಕೊಳೋ ಮೂರ್ಖ ಒಬ್ಬ ಬೈಬಲಿನ ಕೀರ್ತನೇಲಿ ಬರ್ತಾನೆ, ಅವನಿಗೆ ಈ ಉತ್ತರ.

ಏನೋ ಕೈಚಳಕ ಇದೆ ಇದ್ರಲ್ಲಿ ಅನ್ನಿಸ್ತಾ? ತೂರ್ ಪಟ್ಟಣದ ಹತ್ರ ಮಾರ್ಮೂಟಿಯೆ ಮಠದ ಗೌನಿಲೋ ಅನ್ನೋರಿಗೂ ಹಾಗೇ ಅನ್ನಿಸ್ತು. ನಾಸ್ತಿಕರಲ್ಲ, ಅವರೂ ಸನ್ಯಾಸಿನೇ. ಆದ್ರೂ ‘ಮೂರ್ಖನ ಪರವಾಗಿ’ ಅಂತ್ಲೇ ಬರೆದ್ರು. ಸಮುದ್ರದಲ್ಲೆಲ್ಲೋ ಎಲ್ಲಕ್ಕಿಂತ ಸೊಗಸಾದ ದ್ವೀಪ ಇದೆ ಅಂತ ನಾನು ಕಲ್ಪಿಸ್ಕೊಂಡ್ರೆ, ನಿಮ್ಮ ಲೆಕ್ಕದಲ್ಲಿ ಅದೂ ಇರ್ಲೇಬೇಕಲ್ಲ ಸ್ವಾಮಿ, ಎಲ್ಲಿದೆ ತೋರ್ಸಿ ಅಂದ್ರು.

ಆನ್ಸೆಲ್ಮ್ ಏನ್ ಮಾಡಿದ್ರು? ಖುಷಿಯಿಂದ ಓದಿದ್ರು, ಥ್ಯಾಂಕ್ಸ್ ಹೇಳಿದ್ರು, ದ್ವೀಪಕ್ಕೂ ದೇವರಿಗೂ ಹೋಲಿಕೆ ಸಲ್ಲದು ಅಂತ ಉತ್ತರ ಬರೆದ್ರು. ಆಮೇಲೆ, ಇದನ್ನ ಗಮನಿಸಿ, ಇನ್ಮುಂದೆ ನನ್ನ ಪುಸ್ತಕ ನಕಲು ಮಾಡೋರು ಗೌನಿಲೋ ಆಕ್ಷೇಪಾನೂ ಜೊತೆಗೇ ನಕಲು ಮಾಡ್ಬೇಕು ಅಂದ್ರು. ಎದುರಾಳಿ ಮಾತನ್ನ ತನ್ನ ಪುಸ್ತಕದಲ್ಲೇ ಕಟ್ಟಿಸಿದ್ರು! ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಎದುರು ಮಾತಾಡಿದ್ರೆ ಮೊದಲು ರಿಮೂವ್ ಮಾಡ್ತೀವಿ.

ಇನ್ನೂರು ವರ್ಷ ಆದ್ಮೇಲೆ ಥಾಮಸ್ ಅಕ್ವಿನಾಸ್ ಅಂತ ಇನ್ನೊಬ್ಬ ಕ್ರೈಸ್ತ ಪಂಡಿತರು. ಇವರು ಆನ್ಸೆಲ್ಮ್ ವಾದವನ್ನ ಒಪ್ಪಲೇ ಇಲ್ಲ. ಆದ್ರೆ ಮಣೆ ಹಾಕೋ ಅಭ್ಯಾಸ ಅದೇ. ಇವರ ಸುಮ್ಮಾ ಥಿಯೊಲಾಜಿಕಾ ಅನ್ನೋ ಪುಸ್ತಕ ತೆಗೆದು ‘ದೇವರಿದ್ದಾನೆಯೇ’ ಅನ್ನೋ ಕಡೆ ನೋಡಿ, ಶುರುನೇ ‘ಇಲ್ಲ ಅಂತ ಕಾಣುತ್ತೆ’ ಅಂತ. ಮಿತಿಯಿಲ್ಲದ ಒಳ್ಳೇದು ಒಂದಿದ್ರೆ ಕೆಟ್ಟದ್ದು ಇರಬಾರದಿತ್ತು, ಕೆಟ್ಟದ್ದು ಇದೆಯಲ್ಲ, ಅಂದ್ಮೇಲೆ ದೇವರಿಲ್ಲ. ಇದು ಪೂರ್ವಪಕ್ಷ, ಅಂದ್ರೆ ಎದುರಾಳಿಯ ವಾದ. ಭಕ್ತನೇ, ತನ್ನ ಕೈಯಾರೆ, ಮೊದಲು ಬರೆದದ್ದು. ಐದು ದಾರಿ ಅಂತ ಹೆಸರಾದ ಅವರ ಉತ್ತರ ಬರೋದು ಅದಾದ್ಮೇಲೆ.

ಆ ಐದರಲ್ಲಿ ಮೊದಲನೇದು ಚಲನೆ ಮೇಲೆ, ಕೋಲು ಕಲ್ಲನ್ನ ತಳ್ಳುತ್ತೆ, ಕೋಲನ್ನ ಕೈ ತಳ್ಳುತ್ತೆ, ಕೈಯನ್ನ... ಸ್ಟುಡಿಯೋ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸ್ತಿದ್ದಾರೆ, ಎರಡು ನಿಮಿಷನೋ ಎರಡು ಸೆಕೆಂಡೋ ಗೊತ್ತಿಲ್ಲ. ಅಬೆಲಾರ್ಡ್ ಅಂತ ಇನ್ನೊಬ್ಬರಿದ್ರು, ಧರ್ಮಪಿತೃಗಳು ಅಂದ್ರೆ ಚರ್ಚಿನ ಮೊದಮೊದಲ ಗುರುಗಳು, ಅವರ ಮಾತುಗಳನ್ನೇ ಒಂದಕ್ಕೊಂದು ಎದುರುಬದುರು ಕೂರಿಸಿ 158 ಪ್ರಶ್ನೆ ಎತ್ತಿದ್ರು, ಬಹುಪಾಲು ಉತ್ತರನೇ ಕೊಡದೆ ಓದೋರಿಗೆ ಬಿಟ್ರು. ಅವರ ಬಗ್ಗೆ ಹೇಳೋಕೇ ಆಗ್ಲಿಲ್ಲ. ಕರೆದ್ರೆ ಇನ್ನೊಂದ್ಸಲ ಬರ್ತೀನಿ. ನಮಸ್ಕಾರ.