ಹಳದಿ ಕಾಲುಚೀಲದ ಶಾಲೆ: ಕ್ರೈಸ್ಟ್ಸ್ ಹಾಸ್ಪಿಟಲ್

ಎಲ್ಲರಿಗೂ ನಮಸ್ಕಾರ. ಇದು ಲಂಡನ್‌ನ ನ್ಯೂಗೇಟ್ ಸ್ಟ್ರೀಟ್. ಗೋಪುರ ನಿಂತಿದೆ, ಗೋಡೆ ಅಲ್ಲಲ್ಲಿ ಉಳಿದಿದೆ, ಚಾವಣಿ ಇಲ್ಲ. 1940ರ ಡಿಸೆಂಬರ್ 29ರ ರಾತ್ರಿ ಬಾಂಬ್ ಬಿದ್ದು ಸುಟ್ಟ ಚರ್ಚ್, ಒಳಗೆ ಈಗ ತೋಟ. ಇದರ ಪಕ್ಕದಲ್ಲೇ, ಫ್ರಾನ್ಸಿಸ್ಕನ್ ಸನ್ಯಾಸಿಗಳ ಹಳೇ ಮಠದ ಕಟ್ಟಡಗಳಲ್ಲಿ, 1552ರ ನವೆಂಬರ್‌ನಲ್ಲಿ 380 ಮಕ್ಕಳನ್ನ ಸೇರಿಸ್ಕೊಂಡು ಒಂದು ಶಾಲೆ ಶುರುವಾಯ್ತು. ಅದೇ ಕ್ರೈಸ್ಟ್ಸ್ ಹಾಸ್ಪಿಟಲ್.

ಹಾಸ್ಪಿಟಲ್ ಅಂದ ತಕ್ಷಣ ಆಸ್ಪತ್ರೆ ಅಂದ್ಕೋಬೇಡಿ. ಆ ಕಾಲದಲ್ಲಿ ದಿಕ್ಕಿಲ್ಲದವರಿಗೆ ಆಸರೆ ಕೊಡೋ ಜಾಗಕ್ಕೂ ಅದೇ ಹೆಸರು. ಉಚಿತ ಹಾಸ್ಟೆಲ್ಲೂ ಅನಾಥಾಲಯವೂ ಒಂದೇ ಸೂರಿನಡಿ ಇದ್ದ ಹಾಗೆ. ಇಂಗ್ಲೆಂಡಿನ ರಾಜ ಆರನೇ ಎಡ್ವರ್ಡ್ ಶಾಲೆಯ ಸನ್ನದಿಗೆ ಸಹಿ ಹಾಕಿದ್ದು 1553ರ ಜೂನ್ 26ಕ್ಕೆ. ಜುಲೈ 6ಕ್ಕೆ ಆ ಹುಡುಗ ರಾಜ ತೀರ್ಕೊಂಡ, ಬರೀ 15 ವರ್ಷ.

ಈಗ ರೈಲು. ಶಾಲೆ 1902ರಲ್ಲಿ ಲಂಡನ್ ಬಿಟ್ಟು ಸಸೆಕ್ಸ್‌ನ ಹಾರ್ಶಮ್ ಹತ್ತಿರಕ್ಕೆ ಬಂತು. ಸ್ಟೇಷನ್ ಹೆಸರೂ ಕ್ರೈಸ್ಟ್ಸ್ ಹಾಸ್ಪಿಟಲ್ಲೇ. ದಿನಾ ನೂರಾರು ಮಕ್ಕಳು ರೈಲಲ್ಲಿ ಓಡಾಡ್ತಾರೆ ಅಂತ ರೈಲ್ವೆಯವರು ಅಷ್ಟು ದೊಡ್ಡ ಸ್ಟೇಷನ್ ಕಟ್ಟಿದ್ರು. ಆದ್ರೆ ಆಗ ಇದು ಅಲ್ಲೇ ಉಳಿದು ಓದೋ ಶಾಲೆ! ಗಿಲ್ಡ್‌ಫರ್ಡ್ ಲೈನು 1965ರಲ್ಲಿ, ಶೋರ್‌ಹ್ಯಾಮ್ ಲೈನು 1966ರಲ್ಲಿ ಮುಚ್ಚಿದವು. ಉಳಿದಿರೋದು ಎರಡೇ ಪ್ಲಾಟ್‌ಫಾರ್ಮ್. ಬರೋರು ವಾಪಸ್ ರೈಲಿನ ಟೈಮ್ ಮೊದಲೇ ನೋಡ್ಕೊಳ್ಳಿ.

ಅಲ್ಲಿ ನೋಡಿ, ಮಕ್ಕಳು. ಮುಖ ಕಾಣದ ಹಾಗೆ ದೂರದಿಂದ ತೋರಿಸ್ತಿದೀನಿ. ಪಾದದವರೆಗೆ ಇಳಿಯೋ ನೀಲಿ ಕೋಟು, ಸೊಂಟಕ್ಕೆ ಚರ್ಮದ ಪಟ್ಟಿ, ಕತ್ತಲ್ಲಿ ಎರಡು ಬಿಳಿ ಬಟ್ಟೆ ತುಂಡು, ಹುಡುಗರಿಗೆ ಮೊಣಕಾಲಿಗೆ ಮುಗಿಯೋ ಚಡ್ಡಿ, ಕೆಳಗೆ ಹಳದಿ ಕಾಲುಚೀಲ. ಟ್ಯೂಡರ್ ಕಾಲದ ಉಡುಪು. ಜೂನ್ ಬಿಸಿಲಲ್ಲಿ ಇದನ್ನ ಹಾಕೋದು ಹಿಂಸೆ, ತೆಗೆದುಹಾಕಬೇಕು ಅಂತ ಅನ್ಸುತ್ತೆ. ಆದ್ರೆ ತಡೀರಿ, ಇದರ ಬೆಲೆ ಕೇಳಿ: ಸೊನ್ನೆ. ಶಾಲೆನೇ ಉಚಿತವಾಗಿ ಕೊಡುತ್ತೆ. ನೀಲಿ ಆಗ ಅಗ್ಗದ ಬಣ್ಣ, ಧರ್ಮಕ್ಕೆ ಸಾಕಿದ ಮಕ್ಕಳ ಬಣ್ಣ. ಹಳದಿ ಕಂಡ್ರೆ ಇಲಿ ಹತ್ತಿರ ಬರಲ್ಲ ಅನ್ನೋದು ಶಾಲೆಯ ಸುತ್ತ ಓಡಾಡೋ ಕತೆ, ನಾನಂತೂ ನಂಬಲ್ಲ. ಈಗ ಯೋಚಿಸಿ. ಬೇರೆ ಎಷ್ಟೋ ಇಂಗ್ಲಿಷ್ ಶಾಲೆಗಳಲ್ಲಿ ಬ್ಯಾಡ್ಜ್ ಇರೋ ಬ್ಲೇಜರನ್ನ ಹೇಳಿದ ಅಂಗಡಿಯಲ್ಲೇ ತಗೋಬೇಕು. ಟೈ ಬೇರೆ, ಆಟದ ಬಟ್ಟೆ ಬೇರೆ, ಮಗು ಎರಡಿಂಚು ಬೆಳೆದ್ರೆ ಮತ್ತೆ ಹೊಸದು. ಈ ಹೊರೆ ಎಷ್ಟು ಅಂದ್ರೆ ಯೂನಿಫಾರ್ಮ್ ಖರ್ಚಿನ ಮೇಲೇ 2021ರಲ್ಲಿ ಕಾನೂನು ಮಾಡಬೇಕಾಯ್ತು. ಇಲ್ಲಿ ಶ್ರೀಮಂತರ ಮಗು, ಬಡವರ ಮಗು ಇಬ್ಬರಿಗೂ ಒಂದೇ ಕೋಟು, ಇಬ್ಬರ ಮನೆಯಿಂದಲೂ ಕೋಟಿಗೆ ಒಂದು ಪೆನ್ನಿ ಹೋಗಲ್ಲ. ಫೀಸೂ ಮನೆಯ ಆದಾಯ ನೋಡಿ ಗೊತ್ತುಮಾಡ್ತಾರೆ. ಹಾಗಾಗಿ ನನ್ನ ಮಾತು ವಾಪಸ್. ಕೋಟು ಇರಲಿ.

ಕೆಲವರ ಭುಜದಲ್ಲಿ ಲೋಹದ ಬಿಲ್ಲೆ ಇರುತ್ತೆ, ಅದರಲ್ಲಿ ಮೂರು ಹೆಂಗಸರು: ಅಂಕಗಣಿತ, ರೇಖಾಗಣಿತ, ಖಗೋಳ. 1673ರಲ್ಲಿ ರಾಜ ಎರಡನೇ ಚಾರ್ಲ್ಸ್ ಇದೇ ಶಾಲೆಯೊಳಗೆ ಗಣಿತ ಶಾಲೆ ತೆರೆದ. ಹಡಗು ನಡೆಸೋಕೆ ಲೆಕ್ಕ ಬಲ್ಲ ಹುಡುಗರು ಬೇಕಿತ್ತು, 40 ಜನರಿಂದ ಶುರು. ಏನು ಕಲಿಸಬೇಕು ಅಂತ 1694ರಲ್ಲಿ ನ್ಯೂಟನ್‌ನನ್ನೂ ಕೇಳಿದ್ರು. ಕ್ಯಾಪ್ಟನ್ ಕುಕ್ ಜೊತೆ ಎರಡನೇ ಯಾನಕ್ಕೆ ಹೋಗಿ ದಕ್ಷಿಣದ ಮಂಜುಗಡ್ಡೆ ಕಡಲು ನೋಡಿ ಬಂದ ವಿಲಿಯಂ ವೇಲ್ಸ್ ಆಮೇಲೆ ಇಲ್ಲಿ ಮೇಷ್ಟ್ರಾದ. ಕವಿ ಕೋಲ್‌ರಿಜ್ ಆಗ ಇಲ್ಲಿ ಓದ್ತಿದ್ದ ಹುಡುಗ.

ಕೋಲ್‌ರಿಜ್ ಹೆಸರಲ್ಲಿ ಒಂದು ಹಾಸ್ಟೆಲ್ ಇದೆ. ಮಿಡ್ಲ್‌ಟನ್, ಮೇಯ್ನ್ ಹೆಸರಲ್ಲೂ ಇವೆ. ಇವರಿಬ್ಬರೂ ಭಾರತಕ್ಕೆ ಬಂದೋರು. ಮಿಡ್ಲ್‌ಟನ್ ಕಲ್ಕತ್ತದ ಮೊದಲ ಬಿಷಪ್. ಹೆನ್ರಿ ಮೇಯ್ನ್ 1862ರಿಂದ 1869ರವರೆಗೆ ಗವರ್ನರ್ ಜನರಲ್ ಮಂಡಳಿಯ ಕಾನೂನು ಸದಸ್ಯ. ಆ ಕಾನೂನುಗಳ ಬಗ್ಗೆ ಹೇಳ್ತಾ ಹೋದ್ರೆ... ಅಯ್ಯೋ, ಬ್ಯಾಂಡ್ ಶುರುವಾಯ್ತು!

ಇದು ಊಟದ ಮೆರವಣಿಗೆ. ಒಂದೊಂದು ಹಾಸ್ಟೆಲ್ಲಿನ ಮಕ್ಕಳು ಸಾಲಾಗಿ, ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕ್ತಾ ಊಟದ ಹಾಲ್‌ಗೆ ಹೋಗ್ತಾರೆ. ಒಳಗಿನ ಗೋಡೆ ಮೇಲೆ ಇಟಲಿಯ ಚಿತ್ರಕಾರ ವೆರ್ರಿಯೋ ಬರೆದ ಚಿತ್ರ, ಸುಮಾರು 86 ಅಡಿ ಉದ್ದ. ಅದನ್ನ ಬರೀತಿದ್ದಾಗಲೇ ಚಾರ್ಲ್ಸ್ ಸತ್ತ, ಹಾಗಾಗಿ ನಡುವಿನ ಸಿಂಹಾಸನದಲ್ಲಿ ಕೂತಿರೋದು ತಮ್ಮ ಜೇಮ್ಸ್. ಎದುರಿಗೆ ಅದೇ ನೀಲಿ ಕೋಟಿನ ಮಕ್ಕಳು. ಕೆಳಗೆ ಟೇಬಲ್ ತುಂಬಾ ಇವತ್ತಿನ ನೀಲಿ ಕೋಟುಗಳು. ಇವರ ಶಾಲೆ ಭಾಷೆಯಲ್ಲಿ ಬ್ರೆಡ್ಡಿಗೆ ಕ್ರಗ್, ಟೀಗೆ ಕಿಫ್. ಕೊನೇ ಸಾಲೂ ಒಳಗೆ ಹೋಯ್ತು, ಡ್ರಮ್ ನಿಂತಿತು. ಕ್ಯಾಮೆರಾ ಆಫ್ ಮಾಡ್ತೀನಿ, ಮಕ್ಕಳು ಊಟ ಮಾಡ್ಲಿ.